ದುಬೈಯಲ್ಲಿ ಖಾಲಿ ಮನೆ, ಕರೆಂಟ್ ಒಲೆ, ಜೋಳದ ರೊಟ್ಟಿ: ನನ್ನ ಅನುಭವ

ವಿಜಯಪುರ, ಬಾಗಲಕೋಟೆ ಕಡೆಯಿಂದ ದುಬೈ ಶಾಲೆಗಳಿಗೆ ಪಾಠ ಹೇಳಲು ಹೋಗುವವರಿಗೆ ಅಲ್ಲಿ ಮೊದಲೇ ಇರುವವರು ಮೂರು ಮಾತು ಹೇಳುತ್ತಾರೆ. ಸಾಮಾನು ಸಮೇತ ಇರುವ ಮನೆಯನ್ನೇ ಹಿಡಿಯಿರಿ, ಬಾಡಿಗೆ ಉಳಿಯಬೇಕಾದರೆ ಪಕ್ಕದ ಶಾರ್ಜಾದಲ್ಲಿರಿ, ರೊಟ್ಟಿಯ ಆಸೆ ಬಿಡಿ. ನಾನು ಮೂರನ್ನೂ ಕೇಳಲಿಲ್ಲ. ಎರಡು ವರ್ಷದ ಲೆಕ್ಕ ಕೈಯಲ್ಲಿದೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ಶಾರ್ಜಾದ ಮಾತು ಮೊದಲು ಮುಗಿಸುತ್ತೇನೆ. ಬಾಡಿಗೆ ಕಡಿಮೆ, ನಿಜ. ಆದರೆ ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಬರುವ ಅಲ್ ಇತ್ತಿಹಾದ್ ರಸ್ತೆಯ ದಟ್ಟಣೆಯಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. ದುಬೈಯ ಅಲ್ ಕುಸೈಸ್, ಅಲ್ ನಹದಾ ಕಡೆ ಭಾರತೀಯ ಶಾಲೆಗಳಿವೆ, ಮೆಟ್ರೊದ ಹಸಿರು ಮಾರ್ಗವೂ ಇದೆ. ಅಲ್ಲೇ ಸಾಮಾನಿಲ್ಲದ ಒಂದು ಸ್ಟುಡಿಯೊ (ಒಂದೇ ಕೋಣೆಯ ಮನೆ) ಹಿಡಿದೆ, ಆಗ ವರ್ಷಕ್ಕೆ ಸುಮಾರು 40 ಸಾವಿರ ದಿರ್ಹಾಮ್. ಅದೇ ಅಳತೆಯ ಮನೆ ಸಾಮಾನು ಸಮೇತ ಕೇಳಿದರೆ 54 ಸಾವಿರ ಹೇಳಿದ್ದರು.

ಕೈಯಿಂದ ಹೋದದ್ದು ಹೀಗೆ. ವರ್ಷದ ಬಾಡಿಗೆಗೆ ಬರೆದ ನಾಲ್ಕು ಚೆಕ್‌ನಲ್ಲಿ ಮೊದಲನೆಯದು 10 ಸಾವಿರ. ಠೇವಣಿ ನೂರಕ್ಕೆ ಐದರಂತೆ 2 ಸಾವಿರ. ಸಾಮಾನು ಇರುವ ಮನೆಗೆ ಇದು ನೂರಕ್ಕೆ ಹತ್ತು ಆಗುತ್ತದೆ. ಏಜೆಂಟ್‌ಗೆ ವ್ಯಾಟ್ ಸೇರಿ 2,100. ಇಜಾರಿಗೆ, ಅಂದರೆ ಬಾಡಿಗೆ ಕರಾರಿನ ಸರಕಾರಿ ನೋಂದಣಿಗೆ, 220ರ ಆಸುಪಾಸು. ನೀರು-ಕರೆಂಟು ಕೊಡುವ ದೇವಾ (DEWA) ಸಂಸ್ಥೆಗೆ ಠೇವಣಿ 2 ಸಾವಿರ, ಮೇಲೆ ನೂರಾ ಮೂವತ್ತು ಚಿಲ್ಲರೆ. ಒಟ್ಟು ಹದಿನಾರೂವರೆ ಸಾವಿರ ಮುಟ್ಟಿತು. ಆಗಿನ ದರ 23 ರೂಪಾಯಿ ಹಿಡಿದರೆ ಮೂರು ಲಕ್ಷ ಎಂಬತ್ತು ಸಾವಿರ. ಇದನ್ನು ಊರಿಂದಲೇ ಹೊಂದಿಸಿಕೊಂಡು ಹೋಗಬೇಕು, ಏಕೆಂದರೆ ಮೊದಲ ಸಂಬಳ ಬಂದು ಚೆಕ್‌ಬುಕ್ ಕೈಗೆ ಸಿಗುವ ಹೊತ್ತಿಗೆ ಶಾಲೆ ಕೊಟ್ಟ ತಾತ್ಕಾಲಿಕ ವಸತಿಯ ಗಡುವು ಮುಗಿದಿರುತ್ತದೆ. ಪ್ರತಿ ತಿಂಗಳ ಕರೆಂಟ್ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ನೂರಕ್ಕೆ ಐದು ಪಾಲನ್ನು ಹನ್ನೆರಡು ಕಂತು ಮಾಡಿ ಸೇರಿಸುತ್ತಾರೆ. ನನಗೆ ತಿಂಗಳಿಗೆ 167 ಬರುತ್ತಿತ್ತು. ಇದನ್ನು ಬಜೆಟ್‌ನಲ್ಲಿ ಬಿಟ್ಟವರೇ ಹೆಚ್ಚು.

ಇದಕ್ಕೂ ಮುಂಚೆ ಬೇರೊಂದು ಮನೆಗೆ ಕೊಟ್ಟ 500 ದಿರ್ಹಾಮ್ ಟೋಕನ್ ಕಳೆದುಕೊಂಡೆ. ಆ ಮನೆಯ ಎಸಿ ಹೊರಗಿನ ಚಿಲ್ಲರ್ ಕಂಪನಿಯದು, ಅಂದರೆ ಇಡೀ ಕಟ್ಟಡಕ್ಕೆ ತಂಪು ಒದಗಿಸುವವರದು. ಬೇರೆ ಠೇವಣಿ, ಬೇರೆ ಬಿಲ್ಲು, ಎಸಿ ಹಾಕಲಿ ಬಿಡಲಿ ತಿಂಗಳಿಗಿಷ್ಟು ಎಂದು ನಿಗದಿ ಶುಲ್ಕ. ಟೋಕನ್ ಕೊಡುವ ಮುಂಚೆ ಚಿಲ್ಲರ್ ಯಾರ ಲೆಕ್ಕಕ್ಕೆ ಎಂದು ಬರಹದಲ್ಲಿ ಕೇಳಿ. ವರ್ಷದ ಚೆಕ್‌ಗಳ ಸಂಖ್ಯೆ ಕಡಿಮೆ ಮಾಡಿದರೆ ಬಾಡಿಗೆ ಇಳಿಯುವುದುಂಟು. ಎಷ್ಟು ಇಳಿಸಿದೆ, ಏನು ಹೇಳಿ ಇಳಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಈಗ ಸಾಮಾನು. ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಬೇರೆ ಪಠ್ಯಕ್ರಮದ ಶಾಲೆಗಳ ವರ್ಷ ಜೂನ್ ಕೊನೆ, ಜುಲೈ ಹೊತ್ತಿಗೆ ಮುಗಿಯುತ್ತದೆ. ಕೆಲಸ ಬಿಟ್ಟು ಹೋಗುವವರು ಆಗ ಸಾಮಾನನ್ನು ಬಂದ ಬೆಲೆಗೆ ಕೊಡುತ್ತಾರೆ. ಆಗಸ್ಟ್‌ನಲ್ಲಿ ಹೊಸಬರು ಬಂದರೆ ಅದೇ ಸಾಮಾನಿಗೆ ದುಪ್ಪಟ್ಟು. ಹಾಗಾಗಿ ಏಪ್ರಿಲ್‌ನಲ್ಲಿ ಹೊಸ ಹಾಸಿಗೆ, ಒಲೆ, ಎರಡು ಪಾತ್ರೆ ಇಷ್ಟರಲ್ಲೇ ಇದ್ದು, ಉಳಿದದ್ದಕ್ಕೆ ಜೂನ್ ಕಾಯಬೇಕು. ಫ್ರಿಜ್ ವಿಷಯದಲ್ಲಿ ನನಗೆ ತಾಳ್ಮೆ ಇರಲಿಲ್ಲ, ಏಪ್ರಿಲ್‌ನಲ್ಲೇ 700 ಕೊಟ್ಟು ಹಳೆಯದು ತಂದೆ. ಪಿಕಪ್‌ನಲ್ಲಿ ಅಡ್ಡ ಮಲಗಿಸಿ ತಂದರು, ಬಂದ ಕೂಡಲೇ ಸ್ವಿಚ್ ಹಾಕಿದೆ. ಇಪ್ಪತ್ತು ದಿನಕ್ಕೆ ಕಂಪ್ರೆಸರ್ ಹೋಯಿತು. ಅಡ್ಡ ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ. ನೆಟ್ಟಗೆ ನಿಲ್ಲಿಸಿ ತರಬೇಕು, ಆಗದಿದ್ದರೆ ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಹಾಕಬೇಕು. ಬಾಗಿಲ ರಬ್ಬರ್ ನೋಡಲು ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಆ ಫ್ರಿಜ್ ಬೇಡ. ಜೂನ್‌ನಲ್ಲಿ ಫ್ರಿಜ್ 350, ವಾಷಿಂಗ್ ಮಷಿನ್ 400, ಮಂಚ 200, ಕಪಾಟು 250, ಮೇಜು-ಕುರ್ಚಿ 150, ಗಾಡಿ ಮತ್ತು ಕೂಲಿ 250. ಹಾಸಿಗೆ, ಒಲೆ, ಚಿಲ್ಲರೆ ಸಾಮಾನು ಎಲ್ಲ ಹಿಡಿದು ಮೂರು ಸಾವಿರದೊಳಗೆ ಮುಗಿಯಿತು. ಸತ್ತ ಫ್ರಿಜ್ ಸೇರಿಸಿದರೂ 14 ಸಾವಿರದ ವ್ಯತ್ಯಾಸದ ಮುಂದೆ ಇದೇನೂ ಅಲ್ಲ. ಸಾಮಾನು ತರುವ ದಿನ ಕಟ್ಟಡದವರ ಅನುಮತಿ ಚೀಟಿ, ಸಾಮಾನಿನ ಲಿಫ್ಟ್ ಎರಡನ್ನೂ ಮೊದಲೇ ಕೇಳಿಡಿ, ಇಲ್ಲವಾದರೆ ಗಾಡಿಯವನ ಕಾಯುವ ಕೂಲಿ ನಿಮ್ಮ ತಲೆಗೆ.

ಊರಿನ ಮಿಕ್ಸರ್ ಅಲ್ಲಿ ಓಡುತ್ತದೆ, ವೋಲ್ಟೇಜ್ ಒಂದೇ. ಪ್ಲಗ್ ಮಾತ್ರ ಚೌಕ ಮೂರು ಕಡ್ಡಿಯದು. ಅಡಾಪ್ಟರ್ ಸಿಕ್ಕಿಸಿದ್ದಕ್ಕೆ ಅದು ಬಿಸಿಯಾಗಿ ಮೆತ್ತಗಾಯಿತು. ಹಳೇ ಪ್ಲಗ್ ಕತ್ತರಿಸಿ ಅಲ್ಲಿಯದೇ ಹಾಕಿ. 750 ವಾಟ್ ಮಿಕ್ಸರಿಗೆ ಪ್ಲಗ್ಗಿನೊಳಗೆ 5 ಆಂಪ್ ಫ್ಯೂಸ್, 2,000 ವಾಟ್ ಒಲೆಗೆ 13.

ಪಡುವಣ ಕಿಟಕಿಗೆ ಪರದೆ ಹೊಲಿಸುವ ಬದಲು ಊರಿನ ಕೌದಿ ಹಾಕಿ ನೋಡಿದೆ. ಬಿಸಿಲು ತಡೆಯುವುದರಲ್ಲಿ ಅಂಗಡಿಯ ಪರದೆಯನ್ನು ಮೀರಿಸಿತು. ಆದರೆ ಭಾರಕ್ಕೆ ಸರಳು ಜಿಪ್ಸಮ್ ಹಲಗೆಯ ಸಮೇತ ಕಿತ್ತು ಬಂತು. ಜಿಪ್ಸಮ್‌ಗೆ ಒಳಗೆ ಹೋಗಿ ಅಗಲವಾಗುವ ಆಂಕರ್ ಬೇಕು, ಸಾದಾ ಪ್ಲಾಸ್ಟಿಕ್ ಗಿಟ್ಟಿ ಹಿಡಿಯುವುದಿಲ್ಲ. ಮನೆ ಬಿಡುವಾಗ ತೂತು ಮುಚ್ಚದಿದ್ದರೆ ಠೇವಣಿಯಲ್ಲಿ ಕಡಿಯುತ್ತಾರೆ.

ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಗೀಸರ್ ಆರಿಸಿಬಿಡಿ. ಅದು ಮನೆಯೊಳಗೆ ಇರುವುದರಿಂದ ಅದರಲ್ಲಿ ನಿಂತ ನೀರು ಆರಿರುತ್ತದೆ, ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುವಿ.

ರೊಟ್ಟಿಗೆ ಬರುತ್ತೇನೆ. ಆ ಕಟ್ಟಡದಲ್ಲಿ ಸಿಲಿಂಡರ್ ಬಿಡುವುದಿಲ್ಲ, ಕರೆಂಟ್ ಒಲೆಯೇ ಗತಿ. ಮೊದಲು ಇಂಡಕ್ಷನ್. ಊರಿಂದ ಒಯ್ದ ಹಂಚಿನ ತಳ ಗುಂಡಗೆ, ನಡುವೆ ಮಾತ್ರ ಕಾಯ್ದು ಅಂಚು ಹಸಿ. ಚಪ್ಪಟೆ ಹಂಚು ತಂದರೆ, ಖಾಲಿ ಹಂಚು ಕಾಯುತ್ತಿದ್ದಂತೆ ಒಲೆಯ ಸೆನ್ಸರ್ ತಾನೇ ಕರೆಂಟ್ ಕಡಿದುಬಿಡುತ್ತದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಕೆಲಸ ಕೊಟ್ಟದ್ದು 2,000 ವಾಟ್‌ನ ಇನ್‌ಫ್ರಾರೆಡ್ ಒಲೆ (ಗಾಜು ಕೆಂಪಗೆ ಕಾಯುವಂಥದು), ಮೇಲೆ ನಾಲ್ಕೈದು ಮಿಲಿಮೀಟರ್ ದಪ್ಪದ ಚಪ್ಪಟೆ ಕಬ್ಬಿಣದ ಹಂಚು. ಪೂರ್ತಿ ಕಾವಿನಲ್ಲಿ ಐದಾರು ನಿಮಿಷ ಕಾಯಿಸಿ, 1,400ಕ್ಕೆ ಇಳಿಸಿ ರೊಟ್ಟಿ ಹಾಕಿ. ನೀರು ಸವರುವಾಗ ಅಂಚು ಬಿಡಬೇಡಿ. ಅಂಚು ಒಣಗಿ ಬಿರಿದರೆ ಹಬೆ ಅಲ್ಲಿಂದಲೇ ಹೋಗಿ ರೊಟ್ಟಿ ಉಬ್ಬುವುದಿಲ್ಲ. ಎರಡೂ ಬದಿ ಬೆಂದ ಮೇಲೆ ಹಂಚು ಸರಿಸಿ, ಕೆಂಪಾದ ಗಾಜಿನ ಮೇಲೆ ಒಂದಿಂಚು ಎತ್ತರದ ಸ್ಟೀಲ್ ಜಾಳಿಗೆ ಇಟ್ಟು ರೊಟ್ಟಿ ಹಾಕಿದರೆ ಕೆಂಡದ ಮೇಲೆ ಉಬ್ಬಿದಂತೆ ಉಬ್ಬುತ್ತದೆ. ಆಗುವುದಿಲ್ಲ ಎಂದವರೇ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಹಿಟ್ಟು ಕರಾಮಾ, ಬರ್ ದುಬೈ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಹಳೆಯದಾದರೆ ಜಿಗಿ ಇರುವುದಿಲ್ಲ, ಬಡಿಯುವಾಗ ಹರಿಯುತ್ತದೆ. ಬೀಸಿದ ದಿನಾಂಕ ನೋಡಿ ಎರಡು ಕಿಲೊ ಮೀರದಂತೆ ತಂದು ಫ್ರಿಜ್‌ನಲ್ಲಿಡಿ, ಎಸರು ಕುದಿಯುತ್ತಿರುವಾಗಲೇ ಹಾಕಿ. ಹಳೇ ಹಿಟ್ಟಿಗೆ ಜಿಗಿ ತರಿಸುವ ಉಪಾಯ ಒಂದಿದೆ, ಅದು ನಮ್ಮ ಮನೆಯದು, ಹೇಳುವುದಿಲ್ಲ. ಬಡಿಯುವ ಹಲಗೆಯ ಕೆಳಗೆ ದಪ್ಪ ಟವೆಲ್ ಮಡಚಿ ಹಾಕಿ. ಬೆಳಗಿನ ಐದು ಗಂಟೆಗೆ ಆ ಸಪ್ಪಳ ಕೆಳಗಿನ ಮನೆಗೆ ಇಳಿಯುತ್ತದೆ.

ಖಡಕ್ ರೊಟ್ಟಿ ಇಟ್ಟು ತಿನ್ನುವವರಿಗೆ ಒಂದು ಮಾತು. ವಿಜಯಪುರದ ಬಿಸಿಲು ಒಣದು, ದುಬೈಯದು ತೇವದ್ದು. ಆಗಸ್ಟ್‌ನಲ್ಲಿ ಹೊರಗಿಟ್ಟ ರೊಟ್ಟಿ ಸಂಜೆಗೆ ಮೆತ್ತಗೆ. ರಾತ್ರಿ ಎಸಿ ಗಾಳಿಗೆ ಜಾಳಿಗೆಯ ಮೇಲೆ ಹರಡಿ, ಬೆಳಿಗ್ಗೆ ಸಣ್ಣ ಕಾವಿನ ಹಂಚಿನಲ್ಲಿ ಒತ್ತಿ, ಆರಿದ ಮೇಲೆ ಬಿಗಿ ಡಬ್ಬಿಗೆ ಹಾಕಿ. ನನ್ನವು ಹದಿನೈದು ದಿನ ಕಟಕಟ ಎನ್ನುತ್ತಿದ್ದವು.

ಊರಿಂದ ಹೊರಡುವಾಗ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿ) ಕಟ್ಟಿಕೊಳ್ಳಿ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಆ ದೇಶದಲ್ಲಿ ಅದು ನಿಷೇಧಿತ ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲೂ ಆಗಬಹುದು. ಮಸಾಲೆ ಖಾರದಲ್ಲಿ, ಅಂಟಿನ ಉಂಡಿಯಲ್ಲಿ, ಅಮೀನಗಡದ್ದಿರಲಿ ಗೋಕಾಕದ್ದಿರಲಿ ಕರದಂಟಿನಲ್ಲಿ ಗಸಗಸೆ ಬಿದ್ದಿದೆಯೇ ಎಂದು ಮಾಡಿದವರನ್ನೇ ಕೇಳಿ. ಖಚಿತವಾಗದಿದ್ದರೆ ಆ ಡಬ್ಬಿ ಮನೆಯಲ್ಲೇ ಇರಲಿ.