ಸುಟ್ಟ ಮೋಟರ್ ಕಂಟ್ರೋಲರ್ ರಿಪೇರಿ: ಮಾಸ್ಫೆಟ್ ಕೀಳುವ ಮುಂಚೆ ಇಸ್ತ್ರಿಪೆಟ್ಟಿಗೆ ಹುಡುಕಿ

ಕಾಲೇಜುಗಳಲ್ಲಿ ಟೆಕ್ ಫೆಸ್ಟ್ ಶುರುವಾದರೆ ಸಾಕು, ಬೆಳಗಾವಿ ಉದ್ಯಮಬಾಗದ ನನ್ನ ಇನ್ವರ್ಟರ್ ರಿಪೇರಿ ಬೆಂಚಿಗೆ ರೋಬೋ ವಾರ್ ಹುಡುಗರು ಬರುತ್ತಾರೆ. ಕೈಯಲ್ಲಿ ಕಮಟು ವಾಸನೆಯ ಬೋರ್ಡು. "ಸರ, ಒಂದ ಮಾಸ್ಫೆಟ್ ಹೋಗಿತ್ರಿ, ಬದಲಿ ಮಾಡಿದ್ವಿ, ಮತ್ತ ಸುಡ್ತು." ಮಾಸ್ಫೆಟ್ ಅಂದರೆ ಮೋಟರಿನ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್. ಬೋರ್ಡು ತಿರುಗಿಸಿ ನೋಡಿದರೆ ಮಾಸ್ಫೆಟ್‌ಗಿಂತ ಜಾಸ್ತಿ ಹಾಳಾಗಿರುವುದು ಅದರ ಕೆಳಗಿನ ತಾಮ್ರ. ಹೊಡೆದಾಟದಲ್ಲಿ ಸುಟ್ಟದ್ದಲ್ಲ, ಹುಡುಗರೇ ಕಿತ್ತದ್ದು.

ನಾನು ಹೇಳುತ್ತಿರುವುದು ಬ್ರಶ್ ಇರುವ ಡಿಸಿ ಮೋಟರ್ ಓಡಿಸುವ ಕಂಟ್ರೋಲರ್ ಬಗ್ಗೆ. ಅದರೊಳಗೆ ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ನಾಲ್ಕು ತೋಳಿನ ಎಚ್-ಬ್ರಿಡ್ಜ್ ಇರುತ್ತದೆ: ಮೋಟರಿನ ಒಂದೊಂದು ತುದಿಗೆ ಬ್ಯಾಟರಿ ಪ್ಲಸ್ಸಿನ ಕಡೆ ಮೇಲಿನ ತೋಳು, ಮೈನಸ್ಸಿನ ಕಡೆ ಕೆಳಗಿನ ತೋಳು. ಒಂದೊಂದು ತೋಳಿಗೆ ಒಂದೋ ಎರಡೋ ಮಾಸ್ಫೆಟ್. ಎದುರಾಳಿ ರೋಬೋ ಒತ್ತಿಹಿಡಿದು ಚಕ್ರ ನಿಂತಿತು, ನೀವು ಥ್ರಾಟಲ್ ಬಿಡಲಿಲ್ಲ, ಕರೆಂಟು ಏರಿತು, ಮಾಸ್ಫೆಟ್ ಶಾರ್ಟ್ ಆಯಿತು. ಕಥೆ ಇಷ್ಟೇ.

ಬ್ಯಾಟರಿ ಕಳಚಿ, ಮೋಟರ್ ವೈರ್ ಬಿಚ್ಚಿ. ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ. ಕೆಂಪು ಕಡ್ಡಿ ಬೋರ್ಡಿನ ಬ್ಯಾಟರಿ ಮೈನಸ್ಸಿಗೆ, ಕಪ್ಪು ಕಡ್ಡಿ ಬೋರ್ಡಿನಲ್ಲಿ ಮೋಟರ್ ಜೋಡಿಸುವ ಒಂದು ತುದಿಗೆ, ಆಮೇಲೆ ಇನ್ನೊಂದು ತುದಿಗೆ. ಸುಮಾರು 0.5 ವೋಲ್ಟ್ ಬಂದರೆ ಕೆಳಗಿನ ತೋಳು ಬದುಕಿದೆ. ಸೊನ್ನೆ ಬಂದರೆ ಸತ್ತಿದೆ. ಮೇಲಿನ ತೋಳಿಗೆ ಕೆಂಪು ಮೋಟರ್ ತುದಿಗೆ, ಕಪ್ಪು ಬ್ಯಾಟರಿ ಪ್ಲಸ್ಸಿಗೆ. ಯಾವ ಬದಿ ಸತ್ತಿದೆಯೋ ಆ ಬದಿಯ ಮೇಲಿನ, ಕೆಳಗಿನ ಎಲ್ಲ ಮಾಸ್ಫೆಟ್ ಬದಲಿಸಿ. ಒಂದೇ ಸತ್ತಿದೆ, ಒಂದೇ ಹಾಕೋಣ ಅನ್ನುವ ಉಳಿತಾಯ ಬೇಡ. ಅದರ ಜೊತೆಗಾರನೂ ಅರ್ಧ ಬೆಂದಿರುತ್ತಾನೆ. ಗೇಟ್, ಅಂದರೆ ಮಾಸ್ಫೆಟ್ಟಿಗೆ ಆನ್-ಆಫ್ ಹೇಳುವ ಕಾಲು, ಒಳಗೆ ತೂತಾದಾಗ ಬ್ಯಾಟರಿ ವೋಲ್ಟೇಜ್ ನೇರ ಹಿಂದಕ್ಕೆ ನುಗ್ಗುವುದರಿಂದ, ಆ ಕಾಲಿಗೆ ಸಿಗ್ನಲ್ ಕೊಡುವ ಗೇಟ್ ಡ್ರೈವರ್ ಐಸಿ, ಗೇಟಿನ ಪುಟ್ಟ ರೆಸಿಸ್ಟರ್ ಕೂಡ ಬದಲಾಗಲೇಬೇಕು. ಹುಡುಗರ ಬೋರ್ಡು "ಮತ್ತ ಸುಡುವುದು" ಮುಖ್ಯವಾಗಿ ಇದನ್ನು ಬಿಟ್ಟಿದ್ದಕ್ಕೆ.

ಈಗ ಕೀಳುವ ಕೆಲಸ. ಇಲ್ಲಿ ಅವಸರ ಬೇಡ.

ಮಾಸ್ಫೆಟ್‌ನ ಬೆನ್ನಿನ ತಗಡು ಅಗಲವಾದ ತಾಮ್ರಕ್ಕೆ ಬೆಸೆದಿರುತ್ತದೆ. ನೀವು ಕೊಟ್ಟ ಬಿಸಿಯನ್ನೆಲ್ಲ ಆ ತಾಮ್ರ ಕುಡಿದುಬಿಡುತ್ತದೆ. ಸೋಲ್ಡರ್ ಕರಗುವುದಿಲ್ಲ, ನಿಮಗೆ ತಾಳ್ಮೆ ಇರುವುದಿಲ್ಲ, ಸ್ಕ್ರೂಡ್ರೈವರ್ ತೂರಿಸಿ ಎಬ್ಬುತ್ತೀರಿ, ತಾಮ್ರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದಕ್ಕೇ ಮೊದಲು ಇಡೀ ಬೋರ್ಡನ್ನು ಕೆಳಗಿನಿಂದ ಬೆಚ್ಚಗೆ ಮಾಡಬೇಕು. ದೊಡ್ಡ ಕೆಪ್ಯಾಸಿಟರ್, ದಪ್ಪ ವೈರುಗಳನ್ನು ತೆಗೆದಿಡಿ. ಹಳೇ ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಎರಡು ಇಟ್ಟಿಗೆ ನಡುವೆ ನಿಲ್ಲಿಸಿ, ಕಡಿಮೆ ಬಿಸಿಗಿಟ್ಟು, ಮೇಲೆ ಬೋರ್ಡು ಇಡಿ. ಐದು ನಿಮಿಷ ಬಿಟ್ಟು ಅಂಚಿಗೆ ಒಂದು ಹನಿ ನೀರು ಬಿಟ್ಟರೆ ಚುರ್ ಅನ್ನಬೇಕು. ಒಬ್ಬ ಹುಡುಗ ಇದಕ್ಕೆ ಅವ್ವನ ರೊಟ್ಟಿ ಹಂಚು ಬಳಸಿದ್ದ. ಸೀಸ ತಾಗಿದ ಹಂಚಿನಲ್ಲಿ ಮತ್ತೆ ರೊಟ್ಟಿ ಬೇಯಿಸುವಂತಿಲ್ಲ. ಹೊಸ ಹಂಚು ತಂದುಕೊಟ್ಟ, ಬೈಗುಳವನ್ನೂ ತಿಂದ.

ಆಮೇಲೆ ಚೂಪಾದ ಕಟರ್‌ನಿಂದ ಮಾಸ್ಫೆಟ್‌ನ ಕಾಲುಗಳನ್ನು ಅದರ ಮೈಗೆ ಹತ್ತಿ ಕತ್ತರಿಸಿ. ಮೊಂಡು ಕಟರ್ ಆದರೆ ಪ್ಯಾಡನ್ನೂ, ಅಂದರೆ ಕಾಲು ಬೆಸೆದಿರುವ ತಾಮ್ರದ ತುಣುಕನ್ನೂ, ಎಳೆಯುತ್ತದೆ. ಬೆನ್ನಿನ ತಗಡಿನ ಅಂಚಿಗೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿಯಲು ಹಚ್ಚುವ ಅಂಟು) ಧಾರಾಳ ಹಚ್ಚಿ, 63/37 (ತವರ 63, ಸೀಸ 37 ಪಾಲು) ಸೋಲ್ಡರ್ ಹೊಸದಾಗಿ ತುಂಬಿ. ಅದು 183 ಡಿಗ್ರಿಗೆ ಕರಗುತ್ತದೆ. ಕಾರ್ಖಾನೆಯ ಸೀಸವಿಲ್ಲದ ಸೋಲ್ಡರಿಗೆ 217ರ ಮೇಲೆ ಬೇಕು. ಎರಡೂ ಬೆರೆತರೆ ಕೆಲಸ ಹಗುರ. ಈಗ ಬಿಸಿಗಾಳಿ ಊದುವ ಹಾಟ್ ಏರ್ ಗನ್ ಹಿಡಿದು ಗುಂಡಗೆ ಸುತ್ತಿಸುತ್ತಾ ಇರಿ. ಚಿಮಟದಿಂದ ಎಬ್ಬಬೇಡಿ, ಪಕ್ಕಕ್ಕೆ ಸುಮ್ನೆ ಮುಟ್ಟಿ ನೋಡಿ. ಕಾದ ಹಂಚಿನ ಮೇಲೆ ಬೆಣ್ಣೆ ಜಾರಿದ ಹಾಗೆ ಅದೇ ಜಾರಬೇಕು. ಜಾರಲಿಲ್ಲವೇ? ಇನ್ನೂ ಅರ್ಧ ನಿಮಿಷ ಕಾಯಿರಿ. ತಾಮ್ರ ಈಗಾಗಲೇ ಹರಿದಿದ್ದರೆ ಮನೆ ವೈರಿಂಗಿನ 2.5 ಚದರ ಮಿ.ಮೀ. ತಂತಿಯನ್ನು ಅದರ ಮೇಲೆ ಮಲಗಿಸಿ ಬೆಸೆಯಿರಿ. ಚಂದ ಕಾಣುವುದಿಲ್ಲ, ಓಡುತ್ತದೆ. ಬಾಗಿಲು ತೆರೆದಿರಲಿ, ಕೆಲಸ ಮುಗಿಸಿ ಕೈ ತೊಳೆಯಿರಿ.

ಪ್ಯಾಡ್ ಒರೆಸಿ ಹೊಸದನ್ನು ಕೂರಿಸುವುದು ಇದೇ ದಾರಿ, ಉಲ್ಟಾ.

ಆದರೆ ಹೊಸದು ಅಂತ ಕೊಂಡದ್ದು ಅಸಲಿಯೇ? ಐಆರ್‌ಎಫ್ 3205 ಅನ್ನುವ ಮಾಸ್ಫೆಟ್ ಹೆಸರಲ್ಲಿ ನಕಲಿ ಮಾಲು ರಾಶಿ ಇದೆ. ಸಂತೆ ರೇಟಿಗೆ ಸಿಕ್ಕರೆ ನಾನು ಕೊಳ್ಳುವುದಿಲ್ಲ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ್ ಗಲ್ಲಿಗೆ ಹೋದಾಗ ಪರಿಚಯದ ಅಂಗಡಿಯಿಂದಲೇ ತರುತ್ತೇನೆ, ತಂದಮೇಲೂ ಪರೀಕ್ಷೆ ಮಾಡುತ್ತೇನೆ. ಕಾರಿನ 12 ವೋಲ್ಟ್, 21 ವ್ಯಾಟ್ ಬಲ್ಬು ತೆಗೆದುಕೊಳ್ಳಿ. 12 ವೋಲ್ಟ್ ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿಗೆ, ಬಲ್ಬಿನಿಂದ ಡ್ರೈನಿಗೆ (ಕರೆಂಟು ಒಳಬರುವ ಕಾಲು), ಸೋರ್ಸ್ (ಹೊರಹೋಗುವ ಕಾಲು) ಮೈನಸ್ಸಿಗೆ, ಗೇಟನ್ನು 1 ಕಿಲೋಓಮ್ ರೆಸಿಸ್ಟರ್ ಮೂಲಕ ಪ್ಲಸ್ಸಿಗೆ. ಬಲ್ಬು ಹತ್ತುತ್ತದೆ. ಡ್ರೈನ್-ಸೋರ್ಸ್ ಕಾಲುಗಳ ಬುಡದಲ್ಲೇ ಮಿಲಿವೋಲ್ಟ್ ಅಳೆಯಿರಿ. ಈ ಮಾಸ್ಫೆಟ್‌ಗೆ ಹೇಳಿರುವ ರೆಸಿಸ್ಟೆನ್ಸ್ ಗರಿಷ್ಠ 8 ಮಿಲಿಓಮ್, ಹರಿಯುವ ಕರೆಂಟು ಸುಮಾರು 1.75 ಆಂಪಿಯರ್. ಅಂದರೆ 14 ಮಿಲಿವೋಲ್ಟ್ ಆಸುಪಾಸಿನಲ್ಲಿ ಇರಬೇಕು. ಮೂರು ಪಟ್ಟು ತೋರಿಸಿದರೆ ಕಸದ ಬುಟ್ಟಿಗೆ ಹಾಕಿ.

ಕೆಪ್ಯಾಸಿಟರನ್ನೂ ಹೊಸದೇ ಹಾಕಿ, ಲೋ-ಇಎಸ್ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ), 35 ವೋಲ್ಟಿನದು. ಬ್ಯಾಟರಿ ವೈರ್ ಆದಷ್ಟು ಗಿಡ್ಡ ಇರಲಿ.

ಎಲ್ಲ ಮುಗಿದ ಖುಷಿಯಲ್ಲಿ ಲೈಪೊ (ರೋಬೋದ ಲಿಥಿಯಂ ಪಾಲಿಮರ್ ಬ್ಯಾಟರಿ) ನೇರ ಚುಚ್ಚಬೇಡಿ, ದಯವಿಟ್ಟು. ಲೈಪೊಗೆ ಕರೆಂಟು ಎಷ್ಟು ಕೊಡಬೇಕು ಅನ್ನುವ ವಿವೇಕ ಇಲ್ಲ. ಆಯುಧದ ಬ್ಲೇಡ್ ಬಿಚ್ಚಿಟ್ಟು, ಅದೇ ಬಲ್ಬನ್ನು ಬ್ಯಾಟರಿ ಪ್ಲಸ್ಸಿಗೆ ಸಾಲಾಗಿ ಜೋಡಿಸಿ. ಒಮ್ಮೆ ಮಿನುಗಿ ಆರಿದರೆ ಕೆಪ್ಯಾಸಿಟರ್ ತುಂಬಿತು, ಬೋರ್ಡು ಸರಿ ಇದೆ. ಜಗಜಗ ಉರಿಯುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ, ಆದರೆ ಸುಟ್ಟಿಲ್ಲ, ಮತ್ತೆ ಮಲ್ಟಿಮೀಟರ್ ಹಿಡಿಯಿರಿ. ಆರಿದ ಮೇಲೆ ಮೋಟರ್ ಜೋಡಿಸಿ, ಥ್ರಾಟಲ್ ಒಂದಿಷ್ಟೇ ಕೊಟ್ಟು ಮುಂದಕ್ಕೆ, ಹಿಂದಕ್ಕೆ ಓಡಿಸಿ. ಎರಡೂ ದಿಕ್ಕಿಗೆ ಬಲ್ಬು ಒಂದೇ ಸಮ ಮಂದವಾಗಿ ಹತ್ತಿದರೆ ಬಲ್ಬು ತೆಗೆದು ಬ್ಯಾಟರಿ ಕೊಡಿ. ಎರಡು ನಿಮಿಷ ಓಡಿಸಿ, ಬ್ಯಾಟರಿ ಕಳಚಿ, ಮಾಸ್ಫೆಟ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅದರ ಬೆಸುಗೆ ಸರಿ ಕೂತಿಲ್ಲ. ಇಸ್ತ್ರಿಪೆಟ್ಟಿಗೆ ಇನ್ನೂ ಆರಿರುವುದಿಲ್ಲ, ಮತ್ತೆ ಹಚ್ಚಿ.