ಆಷಾಢದ ಬಿಲ್ಲು, ಶ್ರಾವಣದ ಕೀಲಿ

"ಮೇಡಂ, ತಿಂಗಳಿಗೆ ಎಷ್ಟು ಕಟ್ತೀರಿ?"

ತುಮಕೂರಿನ ಕಾರ್ ಶೋರೂಮಿನಲ್ಲಿ ಕೂತು ಐದು ನಿಮಿಷವೂ ಆಗಿರಲಿಲ್ಲ, ಹುಡುಗ ಇದನ್ನೇ ಕೇಳಿದ. ಇದಕ್ಕೆ ಮಾತ್ರ ಉತ್ತರ ಕೊಡಬೇಡಿ. "ಹದಿಮೂರು ಸಾವಿರ" ಅಂದರೆ ಸಾಕು, ಸಾಲದ ವರ್ಷ ಎಳೆದು ಕಂತನ್ನು ಅಷ್ಟಕ್ಕೇ ತಂದು ಕೂರಿಸುತ್ತಾರೆ. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವವಳು, ಅಲ್ಲೇ ಫೋನ್ ತೆಗೆದು ಲೆಕ್ಕ ಹಾಕಿದೆ. 8 ಲಕ್ಷ ಸಾಲ, 9% ಬಡ್ಡಿ. 7 ವರ್ಷಕ್ಕೆ ಕಂತು 12,871 ರೂಪಾಯಿ, 5 ವರ್ಷಕ್ಕೆ 16,607. ಏಳು ವರ್ಷದ್ದು ಹಗುರ ಅನ್ನಿಸುತ್ತೆ, ಆದರೆ ಒಟ್ಟು ಬಡ್ಡಿ ಸುಮಾರು 85,000 ಜಾಸ್ತಿ.

ಆಮೇಲೆ ಫೈನಾನ್ಸಿನವರು ಬಂದರು. "ಬರೀ 5.5% ಮೇಡಂ!" ನಮ್ಮೆಜಮಾನರ ಮುಖ ಅರಳಿತು. ನಾನು ಕೇಳಿದೆ, ಫ್ಲಾಟಾ, ರೆಡ್ಯೂಸಿಂಗಾ? ಫ್ಲಾಟಂತೆ. ಅಂದರೆ ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ 8 ಲಕ್ಷಕ್ಕೇ ಬಡ್ಡಿ. ರೆಡ್ಯೂಸಿಂಗ್ ಆದರೆ ಉಳಿದ ಸಾಲಕ್ಕೆ ಮಾತ್ರ, ನಾನು ಮೊದಲು ಹಾಕಿದ 9% ಲೆಕ್ಕ ಅದೇ. ಐದು ವರ್ಷಕ್ಕೆ 2,20,000 ಬಡ್ಡಿ, ಕಂತು 17,000. ಬ್ಯಾಂಕಿನ 9%ಗಿಂತ ಇದೇ ದುಬಾರಿ! ಅದಕ್ಕೇ ಶೋರೂಮಿಗೆ ಹೋಗುವ ಮೊದಲೇ ಸಂಬಳ ಬೀಳುವ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿಸಿಕೊಂಡು ಹೋಗಿ. ಯಾರೇ ಸಾಲ ಕೊಡಲಿ, ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಹಾಳೆ) ಕೇಳಿ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ಪ್ರೊಸೆಸಿಂಗ್ ಫೀ, ಮೊದಲೇ ತೀರಿಸಿದರೆ ಬೀಳುವ ದಂಡ, ಎಲ್ಲ ಅದರಲ್ಲಿರುತ್ತೆ.

ಕಾರಿನ ಬೆಲೆಗೆ ಬರೋಣ. ಆನ್‌ರೋಡ್ ಮೊತ್ತವನ್ನು, ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆಯನ್ನು, ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ನಮ್ಮ ರಾಜ್ಯದಲ್ಲಿ 10 ಲಕ್ಷದ ಗೆರೆ ಬಲು ಮುಖ್ಯ. 5 ಲಕ್ಷದಿಂದ ಆ ಗೆರೆಯವರೆಗೆ ರೋಡ್ ಟ್ಯಾಕ್ಸ್ 14%, ದಾಟಿದರೆ 20 ಲಕ್ಷದವರೆಗೆ 17%, ಮೇಲೆ ಸೆಸ್ ಬೇರೆ. 9.95 ಲಕ್ಷದ ಕಾರಿಗೆ 1,39,300 ಆದರೆ, ಸನ್‌ರೂಫ್ ಆಸೆಗೆ 10.10 ಲಕ್ಷದ್ದು ತಗೊಂಡರೆ 1,71,700. ಅದೂ ಸಾಲದು ಅಂತ 1% ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ), ಅದೇನೋ ರಿಟರ್ನ್ಸ್ ಹಾಕಿದಾಗ ವಾಪಸ್ ಪಡೆಯಬಹುದು. ನಾವು ಸನ್‌ರೂಫ್ ಬಿಟ್ಟೆವು. ಮಗಳು ಇನ್ನೂ ಮುನಿಸಿಕೊಂಡಿದ್ದಾಳೆ.

ಇನ್ಶೂರೆನ್ಸ್‌ನಲ್ಲೇ ಜಾಸ್ತಿ ದುಡ್ಡು ಸೋರೋದು. ಶೋರೂಮಿನವರು 48,000 ಬರೆದಿದ್ದರು. ಅದೇ ಐಡಿವಿ (ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆ), ಅದೇ ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ), ಹೊರಗೆ 33,000. ತೋರಿಸಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು 35ಕ್ಕೆ ಇಳಿಸಿದರು. ಅವರ ಹತ್ತಿರವೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. "ಹ್ಯಾಂಡ್ಲಿಂಗ್ ಚಾರ್ಜ್" ಕಂಡರೆ ಸುಮ್ನೆ ಗೆರೆ ಎಳೆಯಿರಿ. ಬೆಂಗಳೂರಿನ ಇನ್ನೊಂದು ಶೋರೂಮಿನ ಕೊಟೇಶನ್ ಜೇಬಲ್ಲಿದ್ದರೆ ಮಾತಿಗೆ ಬಲ ಬರುತ್ತೆ.

ಯಾವಾಗ ಕೊಳ್ಳೋದು? ಆಷಾಢದಲ್ಲಿ. ಆಗ ನಮ್ಮ ಕಡೆ ಯಾರೂ ಗಾಡಿ ತಗೊಳ್ಳಲ್ಲ, ಶೋರೂಮಿನವರಿಗೆ ತಿಂಗಳ ಟಾರ್ಗೆಟ್ ತಲೆನೋವು. ಆಯುಧಪೂಜೆ ಹೊತ್ತಿಗೆ ಹೋದರೆ ಕುರ್ಚಿ ಸಿಗೋದೂ ಕಷ್ಟ. ನಮ್ಮತ್ತೆ ಮಾತ್ರ ಒಪ್ಪಲಿಲ್ಲ. ಕೊನೆಗೆ ಅವರೇ ದಾರಿ ಹೇಳಿದರು: "ಬಿಲ್ಲು ಆಷಾಢದ್ದಾದ್ರೆ ಆಗ್ಲಿ ಕಣಮ್ಮ, ಗಾಡಿ ಶ್ರಾವಣ ಶುಕ್ರವಾರ ಬರ್ಲಿ."

ಬಿಲ್ ಮಾಡಿಸುವ ಮುಂಚೆ ಯಾರ್ಡಿಗೆ ಹೋಗಿ ಅದೇ ಕಾರನ್ನು ನೋಡಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ. 1025 ಅಂದರೆ 2025ರ ಹತ್ತನೇ ವಾರದ ಟೈರು. ನಮಗೆ ತೋರಿಸಿದ ಮೊದಲ ಕಾರಿನದ್ದು ಹಿಂದಿನ ವರ್ಷದ್ದಿತ್ತು. ಕಾರು ತಯಾರಾದ ತಿಂಗಳು ಕೇಳಿದೆ. ಹುಡುಗ ತಲೆ ಕೆರೆದುಕೊಂಡು ಬೇರೆ ಕಾರು ತೋರಿಸಿದ.

ಇಷ್ಟೆಲ್ಲ ಮಾಡಿ 2025ರ ಜುಲೈನಲ್ಲಿ ಬಿಲ್ ಮಾಡಿಸಿದೆವು. ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅವತ್ತು ಸ್ಟಾಫ್‌ರೂಮಿನಲ್ಲಿ ನಾನು ಯಾರ ಜೊತೆಗೂ ಮಾತಾಡಲಿಲ್ಲ.