ಚದರಡಿ ಲೆಕ್ಕ ಬಿಟ್ಟು ಏಸಿಗೆ ಕೋಣೆವಾರು ಲೋಡ್ ಎಣಿಸಿದ ನನ್ನ ಅನುಭವ

ಏಸಿ ಅಳವಡಿಸಲು ಬಂದವರು ಐದೂವರೆ ಟನ್ನಿಗಿಂತ (ಟನ್ ಎಂದರೆ ಏಸಿ ತಂಪುಮಾಡುವ ಸಾಮರ್ಥ್ಯದ ಅಳತೆ) ಕಡಿಮೆ ಸಾಲದು ಎಂದಿದ್ದ ನನ್ನ ಮನೆಯಲ್ಲಿ ಈಗ ಇರುವುದು ಮೂರು ಟನ್ ಮಾತ್ರ. ಎರಡು ಬೇಸಿಗೆಗಳೂ ಎರಡು ಚಳಿಗಾಲಗಳೂ ಅದರಲ್ಲೇ ಕಳೆದಿವೆ. "ಬೇಸಿಗೆ ಬರಲಿ, ಆಮೇಲೆ ನೋಡೋಣ" ಎಂದು ನಕ್ಕಿದ್ದ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ತಮ್ಮ ಮನೆಯ ನಕ್ಷೆ ಹಿಡಿದು ಬಂದದ್ದರಿಂದ ಇದನ್ನು ಬರೆದಿಡುವ ಮನಸ್ಸಾಯಿತು.

ಮೊದಲು ಕೈಸುಟ್ಟುಕೊಂಡ ಕಥೆ. ಇಷ್ಟು ಚದರಡಿ ನೆಲಕ್ಕೆ ಇಷ್ಟು ಟನ್ ಎಂಬ ಲೆಕ್ಕ ನಂಬಿ ಮಲಗುವ ಕೋಣೆಗೆ ಎರಡು ಟನ್ನಿನ, ಇನ್ವರ್ಟರ್ ಇಲ್ಲದ (ಅಂದರೆ ವೇಗ ತಗ್ಗಿಸಿಕೊಳ್ಳಲಾಗದೆ ಪೂರ್ತಿ ಓಡುವ ಇಲ್ಲವೇ ನಿಲ್ಲುವ) ಯಂತ್ರ ಕೂಡಿಸಿದ್ದೆ. ಕಂಪ್ರೆಸರ್ ನಾಲ್ಕೈದು ನಿಮಿಷ ಓಡಿ ನಿಲ್ಲುತ್ತಿತ್ತು. ಕಾಯಿಲ್ ಮೇಲೆ ಕೂಡಿದ ನೀರು ಕೊಳವೆಗೆ ಇಳಿಯುವ ಮೊದಲೇ ಯಂತ್ರ ನಿಂತು, ಫ್ಯಾನ್ ಅದನ್ನು ಮತ್ತೆ ಕೋಣೆಗೇ ಊದುತ್ತಿದ್ದುದರಿಂದ ಗಾಳಿ ತಣ್ಣಗಾಗುತ್ತಿತ್ತೇ ಹೊರತು ಒಣಗುತ್ತಿರಲಿಲ್ಲ; ಬೆಳಗ್ಗೆ ಹೊದಿಕೆ ಮುಟ್ಟಿದರೆ ತಂಪಲ್ಲ, ತೇವ. ಒಂದೂವರೆ ವರ್ಷದೊಳಗೆ ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಅದನ್ನು ಮಾರಿದೆ.

ಎರಡನೆಯ ತಪ್ಪು ಸಂಪೂರ್ಣ ನನ್ನದು. ಸ್ವತಃ ಲೆಕ್ಕ ಹಾಕಿ, ಪಶ್ಚಿಮದ ಕೋಣೆಗೆ ಒಂದು ಟನ್ ಸಾಕೆಂದು ಹೆಮ್ಮೆಯಿಂದ ತೀರ್ಮಾನಿಸಿದೆ. ಸಂಜೆ ಆರಕ್ಕೆ ಕೋಣೆ 29 ಡಿಗ್ರಿಯಲ್ಲಿ ನಿಂತುಬಿಟ್ಟಿತು. ಚಾವಣಿಯ ಗರಿಷ್ಠ ಲೋಡನ್ನು, ಅಂದರೆ ಅದರಿಂದ ಒಳಬಂದು ಏಸಿ ಹೊರಹಾಕಬೇಕಾದ ಶಾಖವನ್ನು, ನಾನು ಮಧ್ಯಾಹ್ನದ ಲೆಕ್ಕದಲ್ಲಿ ಬರೆದಿದ್ದೆ. ಆರಿಂಚಿನ ಕಾಂಕ್ರೀಟು ಆ ಬಿಸಿಲನ್ನು ನಾಲ್ಕು ಗಂಟೆ ಹೊಟ್ಟೆಯಲ್ಲಿಟ್ಟುಕೊಂಡು, ಪಶ್ಚಿಮದ ಗಾಜಿಗೆ ನೇರ ಬಿಸಿಲು ಬೀಳುವ ಹೊತ್ತಿಗೇ ಒಳಗೆ ಬಿಡುತ್ತದೆ ಎಂಬುದನ್ನು ಮರೆತಿದ್ದೆ. ಅಂದಿನಿಂದ ಪ್ರತಿ ಕೋಣೆಗೂ ಆಯಾ ಗಂಟೆಯ ಲೋಡಿಗೆಂದು ಗಂಟೆಗೊಂದು ಸಾಲು ಇಡುತ್ತೇನೆ. ಚಾವಣಿಯ ವಿಳಂಬಕ್ಕೆ ನಾನು ಹಾಕುವ ತಿದ್ದುಪಡಿಯ ಕೋಷ್ಟಕ ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇರಲಿ; ಅದಕ್ಕೆ ಮೂರು ಬೇಸಿಗೆ ತೆತ್ತಿದ್ದೇನೆ.

ಅಂಕಿಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ. ಸುಮಾರು 110 ಚದರ ಮೀಟರಿನ ಮನೆ, ಬರಿಯ ಕಾಂಕ್ರೀಟ್ ಚಾವಣಿ. ಆ ಚಾವಣಿಯೊಂದರಿಂದಲೇ ಆರೂವರೆ ಕಿಲೋವ್ಯಾಟ್ ಬರುತ್ತಿತ್ತು. ಎರಡು ಇಂಚು ಉಷ್ಣನಿರೋಧಕ ಹಾಕಿದ ಮೇಲೆ ಒಂದೂಕಾಲಕ್ಕೆ ಇಳಿಯಿತು. ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಕೊಟ್ಟದ್ದರಿಂದ ಇನ್ನೆರಡು ಕಿಲೋವ್ಯಾಟ್ ಹೋಯಿತು. ಒಳಗಿನ ಪರದೆಯಿಂದ ಇಷ್ಟು ಲಾಭ ಸಿಗದು, ಏಕೆಂದರೆ ಗಾಜು ದಾಟಿದ ಬಿಸಿಲು ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಕೋಣೆಗಳ ಗರಿಷ್ಠಗಳನ್ನು ಸುಮ್ಮನೆ ಕೂಡಿದಾಗ ಹನ್ನೊಂದೂವರೆ ಕಿಲೋವ್ಯಾಟ್ ಬಂತು. ಆದರೆ ಎಲ್ಲ ಕೋಣೆಗಳ ಗರಿಷ್ಠವೂ ಒಂದೇ ಹೊತ್ತಿಗೆ ಬರುವುದಿಲ್ಲ; ಒಂದೇ ಗಂಟೆಯ ಸಾಲನ್ನು ಕೂಡಿದಾಗ ಒಂಬತ್ತರ ಆಸುಪಾಸು. ಟನ್ನಿಗೆ ಮೂರೂವರೆ ಕಿಲೋವ್ಯಾಟಿನಂತೆ ಮೂರು ಟನ್ ಎಂದರೆ ಹತ್ತೂವರೆ. ಯಂತ್ರದ ಮೇಲೆ ಬರೆದ ಸಾಮರ್ಥ್ಯ ಹೊರಗೆ 35 ಡಿಗ್ರಿ ಇದ್ದಾಗಿನದು, ನನ್ನ ಲೆಕ್ಕ 38ರದ್ದು, ಆದ್ದರಿಂದ ಅದನ್ನು ಹತ್ತೆಂದೇ ಹಿಡಿದೆ. ಸಾಲುಸಾಲಿಗೂ "ಇರಲಿ" ಎಂದು ಹತ್ತು ಪ್ರತಿಶತ ಸೇರಿಸಿ, ಕೊನೆಯ ಮೊತ್ತಕ್ಕೆ ಇನ್ನಷ್ಟು ಸೇರಿಸುವ ಚಾಳಿಯನ್ನು ಈ ಬಾರಿ ಕಷ್ಟಪಟ್ಟು ಬಿಟ್ಟೆ.

ನ್ಯಾಯವಾಗಿ ಹೇಳಬೇಕಾದರೆ, ಬರಿಯ ಚಾವಣಿಯ ಮನೆಗೆ ಐದೂವರೆ ಟನ್ ತೀರಾ ಹುಚ್ಚು ಮಾತಾಗಿರಲಿಲ್ಲ. ಚಾವಣಿ ಸರಿಪಡಿಸಿದ ಮೇಲೂ ಅದೇ ಸಂಖ್ಯೆಯನ್ನು ಹಿಡಿದುಕೊಂಡಿದ್ದೇ ಅಳವಡಿಸಲು ಬಂದವರ ತಪ್ಪು. ಉಳಿದ ಎರಡೂವರೆ ಟನ್ನಿನ ಹಣದಲ್ಲಿ ನಿರೋಧಕದ ಮುಕ್ಕಾಲು ಖರ್ಚು ಹೊರಟಿತು, ವಿದ್ಯುತ್ ಬಿಲ್ಲು ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಇಳಿಯಿತು.

ಚಳಿಗಾಲದಲ್ಲಿ ಮನೆ ಎಷ್ಟು ಶಾಖ ಕಳೆದುಕೊಳ್ಳುತ್ತದೆಂಬ ಲೆಕ್ಕವನ್ನು ಕಾಗದದ ಮೇಲೆ ಮಾತ್ರ ನಂಬಲು ಧೈರ್ಯ ಬರಲಿಲ್ಲ. ಒಂದೊಂದನ್ನು ಬೇರೆ ಸರ್ಕ್ಯೂಟಿಗೆ ಹಾಕಿ, ಒಂದೂವರೆ ಕಿಲೋವ್ಯಾಟಿನ ನಾಲ್ಕು ಹೀಟರುಗಳನ್ನು ರಾತ್ರಿಯಿಡೀ ಓಡಿಸಿದೆ. ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಮನೆ 460 ವ್ಯಾಟ್ ಕಳೆದುಕೊಳ್ಳುತ್ತದೆಂದು ಎಣಿಸಿದ್ದೆ. ಅಂದರೆ ಒಳಗೂ ಹೊರಗೂ 13 ಡಿಗ್ರಿ ಅಂತರ ಬರಬೇಕಿತ್ತು. ಮೊದಲ ರಾತ್ರಿ ಬಂದದ್ದು ಆರು! ಇಡೀ ಲೆಕ್ಕವನ್ನೇ ಹರಿದು ಹಾಕುವವನಿದ್ದೆ. ಇಟ್ಟಿಗೆಯ ಗೋಡೆಗಳು ಶಾಖವನ್ನೆಲ್ಲ ಹೀರುತ್ತಿದ್ದವು ಎಂದು ಹೊಳೆದು, ಹಗಲಲ್ಲೂ ನಿಲ್ಲಿಸದೆ ಓಡಿಸಿದಾಗ ಮೂರನೆಯ ಬೆಳಗಿನ ಜಾವ ಹನ್ನೊಂದು ಬಂತು. ಉಳಿದ ಎರಡು ಡಿಗ್ರಿ ಎಲ್ಲಿ ಸೋರಿತೆಂದು ಊದುಬತ್ತಿ ಹಿಡಿದು ಸುತ್ತಿದೆ: ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ನಡುವೆ ಹೊಗೆ ದಾರದಂತೆ ನೇರವಾಗಿ ಹೊರಕ್ಕೆ ಎಳೆದುಕೊಳ್ಳುತ್ತಿತ್ತು. ಅದನ್ನೂ ಹಳೆಯ ಯಂತ್ರದ ಕೊಳವೆಯ ತೂತನ್ನೂ ಮುಚ್ಚಿದ ಮೇಲೆ ಹನ್ನೆರಡೂವರೆಗೆ ಬಂದು ನಿಂತಿತು. ಅಷ್ಟಕ್ಕೆ ಸಮಾಧಾನಪಟ್ಟೆ.

ಇದೇ ಹುಮ್ಮಸ್ಸಿನಲ್ಲಿ ಮಲಗುವ ಕೋಣೆಯ ಹೊಸ ಸಣ್ಣ ಯಂತ್ರದ ನೀರಿನ ಕೊಳವೆಯ ಕೆಳಗೆ ಅಳತೆಯ ಜಗ್ ಇಟ್ಟೆ. ಗಂಟೆಗೆ ಒಂದು ಲೀಟರ್ ನೀರು ಇಳಿದರೆ ಸುಮಾರು 0.68 ಕಿಲೋವ್ಯಾಟ್ ಗುಪ್ತೋಷ್ಣ (ಗಾಳಿಯ ತೇವದಲ್ಲಿ ಅಡಗಿದ ಶಾಖ) ಹೊರಹೋಗಿದೆ ಎಂದರ್ಥ. ಹಳೆಯ ಎರಡು ಟನ್ನಿನದು ಗಂಟೆಗೆ ಅರ್ಧ ಲೀಟರನ್ನೂ ಕೊಟ್ಟಿರಲಿಲ್ಲ. ಅದರರ್ಧ ಗಾತ್ರದ ಇದು, ನಿಧಾನವಾಗಿ ಆದರೆ ನಿಲ್ಲದೆ ಓಡುತ್ತ, ಮುಕ್ಕಾಲು ಲೀಟರ್ ದಾಟಿಸಿತು.

ಪಶ್ಚಿಮದ ಕೋಣೆ ವರ್ಷದ ಅತಿ ಬಿಸಿಯ ಮೂರ್ನಾಲ್ಕು ಸಂಜೆಗಳಲ್ಲಿ ಈಗಲೂ 26ರ ಬದಲು 27ಕ್ಕೆ ಏರುತ್ತದೆ. ಅದು ಲೆಕ್ಕದ ಹಾಳೆಯಲ್ಲೂ ಹಾಗೆಯೇ ಇತ್ತು, ಮನೆಯವರಿಗೆ ಮೊದಲೇ ಹೇಳಿಯೂ ಇದ್ದೆ.